ಹಾಸ್ಯದ ಮರೆಯಲ್ಲಿ ರೌದ್ರ

ವಿಕಾರವಾದ ವೇಷ, ಒಪ್ಪದ ಅಲಂಕಾರ, ಅಸಂಬದ್ಧವಾದ ಮಾತು, ಇವುಗಳಿಂದ ಹಾಸ್ಯ ಹುಟ್ಟುತ್ತದೆಂದು ಭರತಮುನಿ ಹೇಳಿದ್ದಾನೆ. ಈ ಲಕ್ಷಣಗಳೆಲ್ಲ ಒಬ್ಬನಲ್ಲೇ ಕೂಡಿ, ಅವನ ಕೈಯಲ್ಲಿ ಒಂದು ದೇಶದ ಸೇನೆಯೂ ಸೆರೆಮನೆಗಳೂ ಇದ್ದರೆ ಅಲ್ಲಿ ಹುಟ್ಟುವುದನ್ನು ಯಾವ ರಸವೆನ್ನೋಣ? ಉಗಾಂಡದ ಇದಿ ಅಮೀನನ ವೃತ್ತಾಂತವನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1946ರಲ್ಲಿ ಬ್ರಿಟಿಷರ ಆಫ್ರಿಕನ್ ಪಡೆಯನ್ನು ಅಡುಗೆಯ ಸಹಾಯಕನಾಗಿ ಸೇರಿದವನು ಅಮೀನ್. ಆಳೆತ್ತರದ ಮೈಕಟ್ಟು, ಮುಷ್ಟಿಯುದ್ಧದಲ್ಲಿ ಪಳಗಿದ ಕೈ. ಮೇಲಧಿಕಾರಿಗಳಿಗೆ ಇಂಥವನೇ ಬೇಕಾಗಿತ್ತು. 1962ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು, ತುರ್ಕಾನ ಜನರ ಕೊಲೆಯ ಆರೋಪ ಅವನ ತುಕಡಿಯ ಮೇಲೆ ಬಂದಾಗಲೂ ಅವನಿಗೆ ಶಿಕ್ಷೆಯಾಗಲಿಲ್ಲ. ಸ್ವತಂತ್ರ ಉಗಾಂಡದ ನಾಯಕ ಮಿಲ್ಟನ್ ಒಬೋಟೆ 1966ರಲ್ಲಿ ಬುಗಾಂಡದ ಅರಸನ ಅರಮನೆಯ ಮೇಲೆ ಇದೇ ಅಮೀನನನ್ನು ಛೂಬಿಟ್ಟ. ಐದು ವರ್ಷ ಕಳೆದು, 1971ರ ಜನವರಿ 25ರಂದು, ಒಬೋಟೆ ಸಿಂಗಪುರದ ಸಮ್ಮೇಳನದಲ್ಲಿದ್ದಾಗ, ಸಾಕಿದ ಗಿಣಿ ಹದ್ದಾಗಿ ಕುಕ್ಕಿತು. ಕಂಪಾಲದ ಬೀದಿಗಳಲ್ಲಿ ಜನ ಕುಣಿದರು. ಹೊಸ ಸರ್ಕಾರವನ್ನು ಮನ್ನಿಸಲು ಬ್ರಿಟನ್ ತಡಮಾಡಲಿಲ್ಲ.

ಮುಂದೆ ಲೋಕ ಕಂಡದ್ದು ಒಂದು ಪ್ರಹಸನ. ಎದೆಯ ತುಂಬ ಪದಕಗಳು. ಫೀಲ್ಡ್ ಮಾರ್ಷಲ್, ಡಾಕ್ಟರ್, ಜೀವಾವಧಿ ಅಧ್ಯಕ್ಷ, ಬ್ರಿಟಿಷ್ ಸಾಮ್ರಾಜ್ಯವನ್ನೇ ಗೆದ್ದವನೆಂಬ ಬಿರುದುಗಳು. (ನಮ್ಮ ಶಾಸನಗಳ ಉದ್ದುದ್ದ ಬಿರುದಾವಳಿಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳೊಡನೆ ನಾನೂ ನಕ್ಕಿದ್ದುಂಟು.) ಹಣದ ಮುಗ್ಗಟ್ಟಿನಲ್ಲಿದ್ದ ಬ್ರಿಟನ್ನಿನ ಉದ್ಧಾರಕ್ಕೆಂದು ಅವನು ಒಂದು ನಿಧಿಯನ್ನೇ ತೆರೆದ. ಲಂಡನ್ನಿನ 'ಪಂಚ್' ಪತ್ರಿಕೆಯಲ್ಲಿ ಅವನ ಮುರುಕು ಇಂಗ್ಲಿಷನ್ನು ಅಣಕಿಸುವ ಅಂಕಣ ಬಂದಿತು. 1974ರಲ್ಲಿ ಅದು ಪುಸ್ತಕವಾಯಿತು, ಮರುವರ್ಷ ಧ್ವನಿಮುದ್ರಿಕೆಯೂ ಆಯಿತು. ಅವನನ್ನು ಬೆಳೆಸಿದವರೇ ಈಗ ಅವನ ನುಡಿಯನ್ನು ಕೇಳಿ ನಗುತ್ತಿದ್ದರು.

ನಗೆಯ ಆಚೆ ಏನು ನಡೆದಿತ್ತು? 1972ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಾಧೀಶ ಬೆನೆಡಿಕ್ಟೊ ಕಿವಾನುಕ ಅವರನ್ನು ಉಚ್ಚ ನ್ಯಾಯಾಲಯದಿಂದಲೇ ಎಳೆದೊಯ್ದರು. ಅದೇ ವರ್ಷ ಮೆಕೆರೆರೆ ವಿಶ್ವವಿದ್ಯಾನಿಲಯದ ಕುಲಪತಿ ಫ್ರಾಂಕ್ ಕಲಿಮುಜೊ ಕಾಣೆಯಾದರು. 1977ರ ಫೆಬ್ರವರಿಯಲ್ಲಿ ಆರ್ಚ್‌ಬಿಷಪ್ ಜನಾನಿ ಲುವುಮ್ ಅವರನ್ನೂ ಇಬ್ಬರು ಮಂತ್ರಿಗಳನ್ನೂ ಕೊಂದು, ಮೋಟಾರು ಅಪಘಾತವೆಂದು ಸಾರಲಾಯಿತು. ಕೊಲ್ಲುವ ಇಲಾಖೆಗೆ ಅಮೀನನ ಸರ್ಕಾರ ಇಟ್ಟಿದ್ದ ಹೆಸರು 'ರಾಜ್ಯ ಸಂಶೋಧನಾ ಕಾರ್ಯಾಲಯ'. ಸಂಶೋಧನೆಯೆಂಬ ಮಾತನ್ನು ನಿತ್ಯವೂ ಆಡುವ ನಮ್ಮಂಥ ಅಧ್ಯಾಪಕರಿಗೆ ಇದನ್ನು ಓದಿದಾಗ ಮೈ ನಡುಗುತ್ತದೆ. ಸತ್ತವರ ಲೆಕ್ಕ 80 ಸಾವಿರದಿಂದ 3 ಲಕ್ಷದವರೆಗೆಂದು ಒಂದು ಅಂದಾಜು, ಅದಕ್ಕೂ ಹೆಚ್ಚೆಂದವರಿದ್ದಾರೆ.

ನಮ್ಮ ದೇಶದಲ್ಲಿ ಅವನ ಹೆಸರು ಮನೆಮಾತಾದದ್ದು 1972ರಲ್ಲಿ, ಭಾರತೀಯ ಮೂಲದವರು ತೊಂಬತ್ತು ದಿನಗಳಲ್ಲಿ ಹೊರಡಬೇಕೆಂದು ಅವನು ಆಜ್ಞಾಪಿಸಿದಾಗ. ಅಂಗಡಿ, ಗಿರಣಿ, ಮನೆಗಳನ್ನು ಬಿಟ್ಟು ಹತ್ತಾರು ಸಾವಿರ ಜನ ಬರಿಗೈಯಲ್ಲಿ ಹೊರಟರು. ಅವರ ನೋವು ಸಣ್ಣದಲ್ಲ. ಆದರೆ ನಮ್ಮ ಸ್ಮೃತಿ ಅಲ್ಲಿಗೇ ನಿಂತುಬಿಟ್ಟಿತೆಂಬುದು ನನ್ನ ಆಕ್ಷೇಪ. ಹೊರಟವರಿಗೆ ಹೋಗಲು ಇನ್ನೊಂದು ನೆಲವಿತ್ತು. ಸೇನೆಯ ಬಿಡಾರಗಳಲ್ಲೇ ಕೊಲೆಯಾದ ಅಚೋಲಿ ಮತ್ತು ಲಾಂಗೋ ಜನಾಂಗಗಳ ಸೈನಿಕರಿಗೆ ಅದೇ ತಾಯ್ನೆಲ. ಅವರನ್ನು ಹೊರಡೆನ್ನುವವರೂ ಇರಲಿಲ್ಲ.

ಉಗಾಂಡದ ಒಳಗೂ ನಗುವ ಧೈರ್ಯ ಮಾಡಿದವರಿದ್ದರು. ಕಂಪಾಲದ ರಾಷ್ಟ್ರೀಯ ರಂಗಮಂದಿರವನ್ನು ನಡೆಸುತ್ತಿದ್ದ ನಾಟಕಕಾರ ಬೈರನ್ ಕವಾಡ್ವ, ಲುಗಾಂಡ ಭಾಷೆಯಲ್ಲಿ ಹುಂಜವೊಂದರ ಹೆಸರಿಟ್ಟು ಅಧಿಕಾರದ ಆಟವನ್ನು ಹಾಡುನಾಟಕವಾಗಿ ಬರೆದಿದ್ದರು. ಆ ನಾಟಕವನ್ನು 1977ರಲ್ಲಿ ಲಾಗೋಸಿನ ಉತ್ಸವಕ್ಕೆ ಒಯ್ದು ಹಿಂದಿರುಗಿದ ಮೇಲೆ ಅವರನ್ನು ಹಿಡಿದು ಕೊಂದರು. ಲಂಡನ್ನಿನಲ್ಲಿ ಕುಳಿತು ಅಮೀನನನ್ನು ಅಣಕಿಸಿದವರಿಗೆ ಸಂಭಾವನೆ ದೊರೆಯಿತು, ಕಂಪಾಲದಲ್ಲಿ ರಂಗ ಕಟ್ಟಿದವರ ಪ್ರಾಣ ಹೋಯಿತು. ಇವೆರಡನ್ನೂ ಹಾಸ್ಯವೆಂಬ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬಾರದು. ಮೊದಲನೆಯದು ಕ್ರೂರಿಯನ್ನು ಕೋಡಂಗಿಯೆಂದು ತೋರಿಸಿ, ಅವನ ವಿಷಯದಲ್ಲಿ ಏನನ್ನೂ ಮಾಡದಿರಲು ನೋಡುವವರಿಗೆ ಒಂದು ನೆಪವನ್ನು ಒದಗಿಸಿತು. ಅಮೀನನೂ ಇದನ್ನು ಅರಿತಿದ್ದನೇನೋ! 1975ರಲ್ಲಿ ಬಿಳಿಯ ವ್ಯಾಪಾರಿಗಳಿಂದ ತನ್ನ ಪಲ್ಲಕ್ಕಿಯನ್ನು ಹೊರಿಸಿ ಛಾಯಾಚಿತ್ರ ತೆಗೆಸಿದವನು ಪೆದ್ದನಾಗಿರಲಾರ. ಅದೇ ವರ್ಷ ಆಫ್ರಿಕದ ರಾಷ್ಟ್ರಗಳ ಒಕ್ಕೂಟ ಅವನನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ತಾಂಜಾನಿಯದ ಜೂಲಿಯಸ್ ನೈರೇರೆ ಅವನನ್ನು ಕೊಲೆಗಾರನೆಂದೇ ಕಂಡು ದೂರವಿಟ್ಟರು.

1978ರ ಅಕ್ಟೋಬರಿನಲ್ಲಿ ಅಮೀನನ ಸೇನೆ ತಾಂಜಾನಿಯದ ಕಗೇರ ಪ್ರದೇಶಕ್ಕೆ ನುಗ್ಗಿತು. ನೈರೇರೆಯ ಸೇನೆಯೂ ದೇಶಭ್ರಷ್ಟರಾಗಿದ್ದ ಉಗಾಂಡದ ಯೋಧರೂ ಕೂಡಿ ಅದನ್ನು ಹಿಮ್ಮೆಟ್ಟಿಸಿದರು. 1979ರ ಏಪ್ರಿಲ್ 11ರಂದು ಕಂಪಾಲ ಕೈಸೇರಿತು.

ಪತನವೆಂದೊಡನೆ ಕನ್ನಡಿಗರಿಗೆ ರನ್ನನ ದುರ್ಯೋಧನ ನೆನಪಾಗುತ್ತಾನೆ. ಯುದ್ಧಭೂಮಿಯ ಹೆಣಗಳ ನಡುವೆ ನಡೆದು, ತನ್ನವರ ಮುಖಗಳನ್ನು ಒಂದೊಂದಾಗಿ ಕಂಡು ಅವನು ಅಳುತ್ತಾನೆ. ನಾವೂ ಅವನೊಡನೆ ಅಳುತ್ತೇವೆ. ಅಮೀನ್ ಯಾವ ಹೆಣವನ್ನೂ ನೋಡಬೇಕಾಗಲಿಲ್ಲ. ಲಿಬಿಯಕ್ಕೆ ಓಡಿ, ಕೊನೆಗೆ ಸೌದಿ ಅರೇಬಿಯದ ಆಶ್ರಯದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಮ್ಮದಿಯಾಗಿ ಬಾಳಿದ. 2003ರ ಆಗಸ್ಟ್ 16ರಂದು ಜೆಡ್ಡಾದ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿಯೇ ಅವನನ್ನು ಮಣ್ಣುಮಾಡಿದರು. ನ್ಯಾಯಾಧೀಶ ಕಿವಾನುಕ ಅವರ ದೇಹ ದೊರೆಯಲೇ ಇಲ್ಲ.