ಗಾಜಿನ ತೊಟ್ಟಿಗೆ ಹಳ್ಳವೇ ಗುರುವಾಗಲಿ

ಕಳೆದ ತಿಂಗಳು ಬೆಂಗಳೂರಿನ ತ್ಯಾಗರಾಜನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಕಾಲೇಜಿನಲ್ಲಿ ಓದುತ್ತಿರುವ ಅವಳ ಮಗ ನಡುಮನೆಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ಮೀನುತೊಟ್ಟಿಯೊಂದನ್ನು ಇಟ್ಟಿದ್ದಾನೆ. ಅಂಗಡಿಯಿಂದ ತಂದ ಹತ್ತಾರು ಮೀನುಗಳಲ್ಲಿ ಉಳಿದಿದ್ದವು ಎರಡೇ. ಗೋಲ್ಡ್‌ಫಿಷ್‌ಗಳು ಮೊದಲ ವಾರವೇ ಸತ್ತವಂತೆ. ನಿಯಾನ್ ಟೆಟ್ರಾಗಳನ್ನು ಏಂಜೆಲ್ ಮೀನುಗಳು ಒಂದೊಂದಾಗಿ ನುಂಗಿದ್ದವು. “ಮಾವ, ಈ ಪರದೇಶದ ಮೀನುಗಳ ಸಹವಾಸ ಸಾಕು. ನಮ್ಮೂರ ಹಳ್ಳವನ್ನೇ ಇದರೊಳಗೆ ಮಾಡುತ್ತೇನೆ. ಮುಂದಿನ ಸಲ ಬರುವಾಗ ಅಲ್ಲಿಂದ ಒಂದಿಪ್ಪತ್ತು ಮೀನು ಹಿಡಿದು ತನ್ನಿ” ಎಂದ.

ಅವನ ಆಸೆ ನನಗೆ ಮೆಚ್ಚುಗೆಯಾಯಿತು. ಬೇಡಿಕೆಗೆ ಮಾತ್ರ ಒಪ್ಪಲಿಲ್ಲ. ಇಂಥ ಬೇಡಿಕೆ ನಾಳೆ ನಮ್ಮಲ್ಲಿ ಯಾರಿಗಾದರೂ ಬರಬಹುದು. ಆದ್ದರಿಂದ ಕಾರಣವನ್ನು ಇಲ್ಲಿ ಹೇಳುವುದು ಉಚಿತವೆನಿಸಿತು.

ತ್ಯಾಗರಾಜನಗರದ ನಲ್ಲಿಯಲ್ಲಿ ಬರುವುದು ಕಾವೇರಿಯ ನೀರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಆ ನದಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ 1974ರಿಂದ ಬೆಂಗಳೂರಿಗೆ ತರಲಾಗುತ್ತಿದೆ. ನೀರು ನಮ್ಮ ಬೆಟ್ಟದ್ದು, ಅದರೊಳಗಿನ ಮೀನು ಅಮೆಜಾನಿನದು ಅಥವಾ ಚೀನಾದ್ದು. ಆ ಹುಡುಗನ ತೊಟ್ಟಿಯ ಸೋಲು ಅರ್ಧ ಇಲ್ಲಿಯೇ ಇದೆ. ಗೋಲ್ಡ್‌ಫಿಷ್ ತಂಪು ನೀರಿನ ಜೀವಿ, ಏಂಜೆಲ್ ಬೆಚ್ಚನೆಯ ನೀರಿನದು. ಎರಡಕ್ಕೂ ಹಿತವಾದ ನೀರು ಒಂದೇ ತೊಟ್ಟಿಯಲ್ಲಿ ಸಿಗದು.

ಹಾಗೆಂದು ಒಂದೇ ನದಿಯ ಮೀನುಗಳೆಲ್ಲ ಹೊಂದಿಕೊಂಡು ಬಾಳುತ್ತವೆಯೇ? ಅದೂ ಇಲ್ಲ. ಏಂಜೆಲ್ ಮತ್ತು ನಿಯಾನ್ ಎರಡೂ ಅಮೆಜಾನ್ ಸೀಮೆಯವೇ. ನದಿಯಲ್ಲಿ ಸಣ್ಣ ಮೀನಿಗೆ ಓಡಲು ದೂರವಿದೆ, ಅಡಗಲು ಬೇರಿದೆ. ನಾಲ್ಕಡಿಯ ಗಾಜಿನಲ್ಲಿ ಎರಡೂ ಇಲ್ಲ. ಆದ್ದರಿಂದ ಜೊತೆಗಾರರನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಬೇಕು. ಇವು ಒಂದೇ ಬಗೆಯ ನೀರಿನವೇ? ಒಂದು ಇನ್ನೊಂದರ ಬಾಯಿಗೆ ಹಿಡಿಸುವಷ್ಟು ಸಣ್ಣದೇ? ಪ್ರತಿಯೊಂದಕ್ಕೂ ಅದರದೇ ಆದ ಎಡೆಯಿದೆಯೇ?

ಈ ಮೂರನೆಯ ಪ್ರಶ್ನೆಗೆ ಉತ್ತರ ಬೇಕಾದವರು ಬೇಸಿಗೆಯಲ್ಲಿ ಹಳ್ಳದ ಬಂಡೆಯ ಮೇಲೆ ಅರ್ಧ ಗಂಟೆ ಅಲುಗಾಡದೆ ಕುಳಿತರೆ ಸಾಕು. ಮೇಲ್ಪದರದ ಹರಿವಿಗೆ ಮುಖಕೊಟ್ಟು ಡ್ಯಾನಿಯೊಗಳ ಗುಂಪು ನಿಂತಿರುತ್ತದೆ. ಮರದಿಂದ ಬಿದ್ದ ಹುಳುವಿಗೆ ಮೊದಲು ಹಾರುವವು ಅವೇ. ನಡುವಿನ ನೀರಿನಲ್ಲಿ ಬಾರ್ಬ್ ಎಂದು ಕರೆಯುವ ಗೆಂಡೆ ಜಾತಿಯ ಸಣ್ಣ ಮೀನುಗಳು ಓಡಾಡುತ್ತವೆ. ತಳದ ಕಲ್ಲಿಗೆ ಬಾಯಿಯೊತ್ತಿ ಪಾಚಿ ಮೇಯುವುದು ಗಾರಾ. ಕಲ್ಲಿನ ಸಂದಿಯಲ್ಲಿ ಪಟ್ಟೆ ಮೈಯ ಲೋಚ್ ಅಡಗಿರುತ್ತದೆ. ಒಂದರ ಊಟಕ್ಕೆ ಇನ್ನೊಂದು ಕೈಹಾಕುವುದು ಕಡಿಮೆ. ಹೊಂದಾಣಿಕೆ ಎಂಬುದು ಸ್ವಭಾವದ ಸಾಧುತನವಷ್ಟೇ ಅಲ್ಲ, ಜಾಗದ ಹಂಚಿಕೆಯೂ ಹೌದು.

ಅಳಿಯನಿಗೆ ನಾನು ಹೇಳಿದ ಲೆಕ್ಕ ಹೀಗಿದೆ. ಅವನ ತೊಟ್ಟಿಯಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ನಲ್ಲಿನೀರಿನ ಕ್ಲೋರಿನ್ ಹೋಗಲಾಡಿಸಿ, ನುಣುಪು ಕಲ್ಲು ಹಾಗೂ ಒಣಬೇರುಗಳನ್ನಿಟ್ಟು, ಒಂದು ಕಡೆಯಿಂದ ನೀರು ಹರಿಯುವಂತೆ ಫಿಲ್ಟರ್ ಜೋಡಿಸಬೇಕು. ಮೀನಿನ ಮಲದಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆವರೆಗೆ ತಾಳ್ಮೆಯಿರಬೇಕು. ಅನಂತರ ಎಂಟು ಮಲಬಾರ್ ಡ್ಯಾನಿಯೊ, ಎಂಟು ಮೆಲನ್ ಬಾರ್ಬ್ ಸಾಕು. ಎರಡೂ ನಮ್ಮ ಪಶ್ಚಿಮಘಟ್ಟದ ನೀರಿನವು, ಗುಂಪಿನಲ್ಲಿದ್ದರಷ್ಟೇ ನೆಮ್ಮದಿಯಾಗಿರುವವು. ಡ್ಯಾನಿಯೊ ಎಗರುವುದರಿಂದ ಮುಚ್ಚಳ ಕಡ್ಡಾಯ. ಕೊಳ್ಳುವಾಗ ಸಾಕಣೆ ಕೇಂದ್ರದಲ್ಲಿ ಮರಿಯಾದವೇ ಎಂದು ವಿಚಾರಿಸಬೇಕು. ಗಾರಾ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಹೊಳೆಯಿಂದಲೇ. ಆದ್ದರಿಂದ ಅದರ ಜಾಗ ಖಾಲಿಯೇ ಇರಲಿ ಎಂದೆ.

“ಇಪ್ಪತ್ತು ಮೀನಿಗೆ ಹಳ್ಳವೇನು ಬರಿದಾಗುತ್ತದೆಯೇ?” ಎಂದು ಅವನು ಕೇಳಿದ. ಒಬ್ಬನ ಇಪ್ಪತ್ತರಿಂದ ಬರಿದಾಗದು. ಆದರೆ ಕೆಂಪು ಗೆರೆಯ ಡೆನಿಸನ್ ಬಾರ್ಬಿನ ಕಥೆ ಕೇಳಿ. ಕೇರಳದ ಹೊಳೆಗಳಿಂದ ಹಿಡಿದು ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿಗೆ ಹರಿಯುವ ಚಂದ್ರಗಿರಿಯವರೆಗೆ ಮಾತ್ರ ಬದುಕುವ ಮೀನದು. 1997ರಲ್ಲಿ ಸಿಂಗಪುರದ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಬಹುಮಾನ ಪಡೆದದ್ದೇ ಅದಕ್ಕೆ ಮುಳುವಾಯಿತು. ಹೊರದೇಶದ ಬೇಡಿಕೆಗಾಗಿ ಹೊಳೆಹೊಳೆಗಳಲ್ಲಿ ಬಲೆ ಬಿತ್ತು. 2008ರಲ್ಲಿ ಕೇರಳ ಸರ್ಕಾರ ನಿರ್ಬಂಧ ಹೇರಬೇಕಾಯಿತು. ಈಗ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. 2005ರಿಂದ 2012ರ ನಡುವೆ ಅಪಾಯದಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಭಾರತದಿಂದ ರಫ್ತಾದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆ ಲಕ್ಷಗಳೆಲ್ಲ ಕೂಡಿದ್ದು ಇಂಥ ಹತ್ತು, ಇಪ್ಪತ್ತುಗಳಿಂದಲೇ ಅಲ್ಲವೇ?

ಹೊಳೆಯಿಂದ ತೆಗೆಯುವುದರಂತೆ ಹೊಳೆಗೆ ಬಿಡುವುದೂ ತಪ್ಪು. ಕಾವೇರಿಯಲ್ಲಿ ಮಾತ್ರ ಇರುವ ಡುಬ್ಬ ಬೆನ್ನಿನ ಮಾಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಅದಕ್ಕೆ ಕಾರಣಗಳು ಹಲವು. ಸದುದ್ದೇಶದಿಂದಲೇ ಹೊರಗಿನ ಸಾಕಣೆ ಕೇಂದ್ರದಿಂದ ತಂದು ನದಿಗೆ ಬಿಟ್ಟ ಬೇರೊಂದು ಜಾತಿಯ ಮಾಶೀರ್ ಅವುಗಳಲ್ಲೊಂದು ಎಂದು ಅಧ್ಯಯನಕಾರರು ಹೇಳುತ್ತಾರೆ. ಜೊತೆಗಾರನ ಆಯ್ಕೆ ತೊಟ್ಟಿಯಲ್ಲಿ ತಪ್ಪಿದರೆ ನಾಲ್ಕು ಮೀನು ಸಾಯುತ್ತವೆ, ನದಿಯಲ್ಲಿ ತಪ್ಪಿದರೆ ಒಂದು ಕುಲವೇ ಹೋಗುತ್ತದೆ. ಸಾಕಿ ಬೇಸತ್ತವರು ಕೆರೆಗೆಸೆದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಬೆಂಗಳೂರಿನ ಕೆರೆಗಳಲ್ಲಿ ಬಲೆಗೆ ಬೀಳುತ್ತಿದೆ. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ. ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೋ ಹೊಳೆಗೋ ಬಿಡುವುದು ದಯೆಯಲ್ಲ.

ನಗರದವರಿಗೆ ಬುದ್ಧಿ ಹೇಳಿ ನಾವು ಸುಮ್ಮನಿರುವಂತಿಲ್ಲ. ಮುಂಗಾರಿನ ಮೊದಲ ಮಳೆಗೆ ಮೊಟ್ಟೆಯಿಡಲು ಗದ್ದೆಯ ಕಾಲುವೆಗೆ ಹತ್ತಿ ಬರುವ ಮೀನನ್ನು ಗೋಣಿ ತುಂಬ ಹೊಡೆಯುವವರು ಯಾರು? ಮಡುವಿಗೆ ತೋಟೆ ಹಾಕುವವರು, ವಿಷ ಕದಡುವವರು, ಕಾಫಿ ಪಲ್ಪರಿನ ಕೊಳಕು ನೀರನ್ನು ಹಳ್ಳಕ್ಕೆ ಹರಿಸುವವರು ಹೊರಗಿನವರೇ? ವನ್ಯಜೀವಿ ಧಾಮಗಳೊಳಗೆ ಮೀನು ಹಿಡಿಯುವುದನ್ನು 1972ರ ಕಾಯಿದೆ ತಡೆಯುತ್ತದೆ. ಊರ ಹಳ್ಳಕ್ಕೆ ಊರಿನವರೇ ಕಾವಲು.

ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಬೇಸಿಗೆಯಲ್ಲಿ ನಿಮ್ಮ ಹಳ್ಳದ ಒಂದೇ ಒಂದು ಮಡುವನ್ನು ಆರಿಸಿಕೊಳ್ಳಿ. ಯಾವ ಪದರದಲ್ಲಿ ಯಾವ ಮೀನಿದೆ, ಏನು ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಅಜ್ಜಂದಿರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದಿಡಿ. ಅಂಥದೊಂದು ಬರಹವನ್ನು ತ್ಯಾಗರಾಜನಗರಕ್ಕೆ ಒಯ್ಯುತ್ತೇನೆಂದು ಅಳಿಯನಿಗೆ ಮಾತು ಕೊಟ್ಟಿದ್ದೇನೆ. ತೊಟ್ಟಿ ಕಟ್ಟಲು ಅವನಿಗೆ ಬೇಕಾದದ್ದು ಅದೇ. ಮೀನು ಹಳ್ಳದಲ್ಲಿಯೇ ಇರಲಿ.