ಬಿಳಿ ಚೀಟಿಗೆ ಬೆಂಬಲ ಬೆಲೆ ಎಲ್ಲಿಂದ?

2025ರಲ್ಲಿ ತೋತಾಪುರಿ ಮಾವಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿದ್ದೇ ತಡ, ಕೋಲಾರ ಜಿಲ್ಲೆಯ ಮುಖಂಡರೆಲ್ಲ ಮಾವಿನ ಸಮಸ್ಯೆ ಮುಗಿದೇ ಹೋಯಿತು ಅನ್ನುವಂತೆ ಮಾತಾಡತೊಡಗಿದರು. ನನ್ನನ್ನು ಕೆರಳಿಸಿದ್ದು ಇದೇ.

ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ಕಾಯಿಗೆ ಗಡಿ ಮುಚ್ಚಿದ್ದು ಅನ್ಯಾಯವೇ. ಪಲ್ಪ್ ಫ್ಯಾಕ್ಟರಿಗಳು ಹೆಚ್ಚಾಗಿ ಅಲ್ಲೇ ಇರುವಾಗ ನಮ್ಮ ಶ್ರೀನಿವಾಸಪುರದ ತೋತಾಪುರಿ ಇನ್ನೆಲ್ಲಿಗೆ ಹೋಗಬೇಕು? ನಮ್ಮ ಮುಖ್ಯಮಂತ್ರಿ ಆಂಧ್ರಕ್ಕೆ ಪತ್ರ ಬರೆದರು, ಊರು ಬಂದ್ ಆಯಿತು. ಸರಿ. ಆದರೆ ಗಡಿ ತೆರೆದಿದ್ದ ವರ್ಷಗಳಲ್ಲಾದರೂ ಮಂಡಿಯ ಕಡಿತ ಕಳೆದು ಬೆಳೆಗಾರನ ಕೈಗೆ ಬರುತ್ತಿದ್ದುದೆಷ್ಟು?

ಶ್ರೀನಿವಾಸಪುರದ ಮಂಡಿಯೊಂದರಲ್ಲಿ ಕಾಯಿ ಸುರಿದು ಬಂದ ಪರಿಚಯದ ರೈತರೊಬ್ಬರು ತಮ್ಮ ಚೀಟಿ ತೋರಿಸಿದರು. ಮೂರು ಟನ್ ತೋತಾಪುರಿ, ಕೆ.ಜಿ.ಗೆ ನಾಲ್ಕು ರೂಪಾಯಿ. ಸೂಟು ಅಂತ ತೂಕದಲ್ಲಿ 150 ಕೆ.ಜಿ. ಮೊದಲೇ ಹೊಡೆದಿದ್ದರು. ಉಳಿದ 11,400 ರೂಪಾಯಿಯಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ 1,140. ಆಮೇಲೆ ಹಮಾಲಿ. ಟ್ರ್ಯಾಕ್ಟರ್ ಬಾಡಿಗೆ, ಕಾಯಿ ಕಿತ್ತವರ ಕೂಲಿ ಚೀಟಿಯ ಹೊರಗಿನ ಲೆಕ್ಕ. ಚೀಟಿಯೋ, ಸೀಲಿಲ್ಲ, ಬಿಲ್ ನಂಬರಿಲ್ಲ, ಬರೀ ಬಿಳಿ ಹಾಳೆಯ ತುಂಡು.

ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಬೆಳೆದವನಲ್ಲ. ನಮ್ಮ 1966ರ ಎಪಿಎಂಸಿ ಕಾಯ್ದೆ ಹೇಳುವುದೂ ಇದನ್ನೇ. ವರ್ಷಗಳಿಂದ ಇದನ್ನೇ ಬರೆಯುತ್ತಿದ್ದೇನೆ, ಇನ್ನೂ ಬರೆಯುತ್ತೇನೆ. ಮಂಡಿಯವರನ್ನು ಯಾಕೆ ಕೇಳಲಿಲ್ಲ ಅಂದರೆ ಆ ರೈತರು, "ಏನ್ ಕೇಳಾದು ಸಾರ್, ಹೂವು ಬಿಟ್ಟಾಗ ಔಷಧಿಗೆ ದುಡ್ಡು ಕೊಟ್ಟೋರೂ ಅವ್ರೇ" ಅಂದರು. ಬ್ಯಾಂಕು ಸಮಯಕ್ಕೆ ಸಾಲ ಕೊಡದಿದ್ದಾಗ ಮಂಡಿಯವರು ಅಡ್ವಾನ್ಸ್ ಕೊಡುತ್ತಾರೆ, ಜನವರಿಯಲ್ಲೇ ಜೂನ್ ತಿಂಗಳ ಕಾಯಿ ಕಟ್ಟಿಹಾಕುತ್ತಾರೆ. ಇನ್ನೊಂದು ಮಂಡಿಗೆ ಹೋಗಿ ನಾಲ್ಕಾಣೆ ಹೆಚ್ಚು ಕೇಳುವ ಸ್ವಾತಂತ್ರ್ಯ ಅಲ್ಲಿಗೇ ಮುಗಿಯಿತು.

ಕೇಂದ್ರದ 2025ರ ಆ ಯೋಜನೆ ದರದ ವ್ಯತ್ಯಾಸ ತುಂಬಿಕೊಡುವಂಥದ್ದಾಗಿತ್ತು, ಅದೂ 2.5 ಲಕ್ಷ ಟನ್‌ವರೆಗೆ. ವ್ಯತ್ಯಾಸ ಕೊಡಲು ಎಷ್ಟು ಕಾಯಿ, ಎಷ್ಟಕ್ಕೆ ಮಾರಿದ್ದು ಅನ್ನುವುದಕ್ಕೆ ದಾಖಲೆ ಬೇಕಲ್ಲವೇ? ಬಿಳಿ ಚೀಟಿ ಹಿಡಿದವನು ಏನು ತೋರಿಸಬೇಕು? ಕಮಿಷನ್‌ಗೆ ದುಡ್ಡು ಕಳೆದುಕೊಂಡವನೇ ಪರಿಹಾರವನ್ನೂ ಕಳೆದುಕೊಳ್ಳುತ್ತಾನೆ.

ಇದನ್ನು ಸರಿಪಡಿಸಲು ಅಮರಾವತಿಗೆ ಪತ್ರ ಬರೆಯಬೇಕಿಲ್ಲ, ದೆಹಲಿಗೂ ಹೋಗಬೇಕಿಲ್ಲ. ಪ್ರತಿ ಮಾರಾಟಕ್ಕೂ ಅಧಿಕೃತ ಬಿಲ್ ಕೊಡಿಸಬೇಕಾದ ಎಪಿಎಂಸಿ ಅಧಿಕಾರಿಗಳಿಗೆ ಸಂಬಳ ಕೊಡುತ್ತಿರುವವರು ನಾವೇ. ಕುರ್ಚಿ ಬಿಟ್ಟೆದ್ದು ಮಂಡಿಯೊಳಕ್ಕೆ ಕಾಲಿಡಲಿ.