ಬಟನ್ ಒತ್ತುವವನಿಗೂ ತಲೆ ಇದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳೇ ಮದುವೆ ಫೋಟೊ ತೆಗೆದು ನೋಡಿ. ಮದುಮಗನ ಕೈಯಲ್ಲಿ ವಾಚಿದ್ದರೆ ಹೆಚ್ಚಾಗಿ ಅದು ಎಚ್‌ಎಂಟಿಯದೇ. ಮಾವ ಕೊಡಿಸಿದ್ದು.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ನೌಕರಿ ಭದ್ರವಾಗಿತ್ತು, ಕಸುಬು ಚೆನ್ನಾಗಿ ಕಲಿಸುತ್ತಿದ್ದರು. ಬ್ಯಾಟರಿಯ ಕ್ವಾರ್ಟ್ಜ್ ವಾಚು ಮಾಡಲೂ ಅವರಿಗೆ ಗೊತ್ತಿತ್ತು. ಆದರೂ ಸಂಸ್ಥೆ ಕೀಲಿ ಕೊಡುವ ವಾಚನ್ನೇ ಹೆಚ್ಚು ನೆಚ್ಚಿಕೊಂಡಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು.

ಬೆಂಗಳೂರಿನ ಪಕ್ಕದ ಹೊಸೂರಿನ ಕಥೆ ಬೇರೆ. ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಟೈಟಾನ್ ಕಟ್ಟಿದವು. ಎಚ್‌ಎಂಟಿಯಲ್ಲಿ ಪಳಗಿದ ಹಲವರು ಅಲ್ಲಿಗೆ ಹೋದರು. ಶಾಲೆ ಮುಗಿಸಿದ ಹಳ್ಳಿ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕೆಲಸ ಕಲಿಸಿದರು. 2002ರಲ್ಲಿ ಬಂದ ಅವರ ‘ಎಡ್ಜ್’ ವಾಚು ಬರೀ 3.5 ಮಿಲಿಮೀಟರ್ ದಪ್ಪ.

ಕಸುಬು ಅದೇ, ಕೈಗಳೂ ಹಲವು ಅವೇ. ಕಲಿತದ್ದನ್ನು ಹೊಸದಕ್ಕೆ ಬಳಸಲು ಒಂದು ಕಡೆ ದಾರಿ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ. ನೌಕರಿ ಭದ್ರತೆಯೊಂದೇ ಸಾಲದು, ಬಲ್ಲವರ ಮಾತು ಕೇಳುವವರೂ ಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಐಟಿಐ ಹುಡುಗರಿಗೆ ಇವತ್ತು ಈ ಎರಡೂ ಇಲ್ಲ.

ಈಚೆಗೆ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಫಿಟ್ಟರ್ ಓದಿದ ಹುಡುಗನೊಬ್ಬ ಸಿಕ್ಕಿದ್ದ. ದೂರದ ಕಾರ್ಖಾನೆಯೊಂದಕ್ಕೆ ಕಂಟ್ರ್ಯಾಕ್ಟರ್ ಮೂಲಕ ಸೇರಿದ್ದನಂತೆ. ಮಷೀನಿನ ಬೆಲ್ಟ್ ಪದೇಪದೇ ಜಾರುತ್ತಿತ್ತು. ಪುಲ್ಲಿ ಓರೆಯಾಗಿದೆ ಸಾರ್ ಎಂದು ಸೂಪರ್‌ವೈಸರ್‌ಗೆ ಹೇಳಿದ. ‘ಬಟನ್ ಒತ್ತೋದಷ್ಟೇ ನಿನ್ನ ಕೆಲಸ, ಒತ್ತು’ ಅಂದರು. 11 ತಿಂಗಳಿಗೆ ಕೆಲಸ ಮುಗಿಯಿತು. ಅವನಿಗೆ ಗೊತ್ತಿದ್ದದ್ದೂ ಅವನ ಜೊತೆಗೇ ಗೇಟು ದಾಟಿ ಊರಿಗೆ ಬಂತು.

ಆರ್ಡರ್ ಇದ್ದಾಗ ಕೆಲಸ, ಇಲ್ಲದಿದ್ದರೆ ಸಂಬಳ ಎಲ್ಲಿಂದ ಕೊಡೋಣ ಎಂದು ಮಾಲೀಕರು ಕೇಳುತ್ತಾರೆ. ಕಷ್ಟ ನಿಜ. ಆದರೆ ವರ್ಷ ವರ್ಷ ಹೊಸಬರಿಗೆ ಮೊದಲಿನಿಂದ ಕಲಿಸುವ ಖರ್ಚು, ಹಾಳಾದ ಮಾಲು, ನಿಂತ ಮಷೀನು ಇವನ್ನು ಲೆಕ್ಕ ಹಾಕಿದವರೆಷ್ಟು? ಕೆಟ್ಟದ್ದು ಮೊದಲು ಕಾಣುವುದು ಮಷೀನಿನ ಮುಂದೆ ನಿಂತವನಿಗೆ. ಅವನನ್ನು ಕೇಳದ ಕಾರ್ಖಾನೆಯಲ್ಲಿ ಹೊಸದು ಹುಟ್ಟುವುದು ಹೇಗೆ?

ಇದು ದೊಡ್ಡ ಕಂಪನಿಗಳಿಗಷ್ಟೇ ಹೇಳುವ ಮಾತಲ್ಲ. ನಮ್ಮೂರಿನ ಶೇಂಗಾ ಮಿಲ್ಲು, ಗ್ಯಾರೇಜಿಗೂ ಸಲ್ಲುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಕೆಲಸಗಾರರ ಜೊತೆ ಕೂತು ‘ಎಲ್ಲಿ ತೊಡಕಾಗ್ತಿದೆ?’ ಎಂದು ಕೇಳಲು ದುಡ್ಡು ಬೇಕಿಲ್ಲ.

ಕೆಲಸಕ್ಕೆ ಹೊರಟ ತಮ್ಮಂದಿರೇ, ತಂಗಿಯರೇ, ಸಂಬಳದ ಜೊತೆ ಮೂರು ಮಾತು ಕೇಳಿ. ನೇಮಕದ ಪತ್ರದಲ್ಲಿ ಯಾರ ಹೆಸರಿದೆ, ಕಂಪನಿಯದೋ ಕಂಟ್ರ್ಯಾಕ್ಟರ್‌ದೋ? ಒಂದು ವರ್ಷದಲ್ಲಿ ನನಗೇನು ಕಲಿಸುತ್ತೀರಿ? ತಪ್ಪು ಕಂಡರೆ ಯಾರಿಗೆ ಹೇಳಬೇಕು?

ಉತ್ತರ ಕೊಡದ ಕಡೆ ಕೆಲಸ ಸಿಗಬಹುದು, ಕಸುಬು ಕಲಿಯುವುದು ಕಷ್ಟ.